ಕರುವಿನ ಪಾಲು

ಬೀರೂರು ಜಂಕ್ಷನ್ನಿನಲ್ಲಿ ರೈಲು ದಾರಿ ಎರಡಾಗುತ್ತದೆ. ಒಂದು ತರೀಕೆರೆಯ ಅಡಿಕೆ ತೋಟಗಳ ನಡುವೆ ಶಿವಮೊಗ್ಗದತ್ತ ಹೋಗುತ್ತದೆ. ಇನ್ನೊಂದು ಅಜ್ಜಂಪುರದ ಬಯಲಿಗೆ ಹೊರಳಿ ಹುಬ್ಬಳ್ಳಿಯ ದಿಕ್ಕು ಹಿಡಿಯುತ್ತದೆ. ಎರಡನೆಯ ದಾರಿಯಲ್ಲಿ ಹೋಗುವವರು ಬಯಲ ನಡುವೆ ಬೂದು ಬಣ್ಣದ, ಉದ್ದ ಕೊಂಬಿನ ದನಗಳ ಹಿಂಡನ್ನು ಕಂಡಿರಬಹುದು. ಅವು ಅಮೃತಮಹಲ್ ದನಗಳು. ಅಜ್ಜಂಪುರದಲ್ಲಿ ಅವುಗಳ ಸರ್ಕಾರಿ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತಿನ ಹುಲ್ಲುಗಾವಲುಗಳಿಗೆ ಇಂದಿಗೂ ಜನ 'ಕಾವಲು' ಎಂದೇ ಹೇಳುತ್ತಾರೆ. ಕಾಯುವುದರಿಂದ ಬಂದ ಮಾತು ಅದು. ಕಾದದ್ದು ಏನನ್ನು? ಹುಲ್ಲನ್ನು.

ಈ ದನಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಯುದ್ಧದಿಂದ ಶುರುಮಾಡುತ್ತಾರೆ. ಹೈದರ್ ಅಲಿ ಚಿದಂಬರಂ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಧಾವಿಸಿದ್ದು, ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದೇ ತಿಂಗಳಲ್ಲಿ ಪರ್ಯಾಯದ್ವೀಪವನ್ನು ಅಡ್ಡ ದಾಟಿದ್ದು, ಎರಡಕ್ಕೂ ಈ ಎತ್ತುಗಳೇ ಬಲ ಎಂದು ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ನಾನು ಇಲ್ಲಿ ಹೇಳಹೊರಟಿರುವುದು ಎತ್ತಿನ ಕಥೆಯಲ್ಲ, ಕರುವಿನ ಕಥೆ. ಫಿರಂಗಿ ಎಳೆಯುವ ಎತ್ತು ಬೇಕಾದರೆ ಮೊದಲು ಕರು ಬದುಕಬೇಕು. ಎಳೆಯ ಪ್ರಾಣಿಯನ್ನು ಔಷಧಿಯಿಲ್ಲದೆ, ಮೇವಿನಿಂದ ಬದುಕಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಅಂದಿಗೆ ಅನಿವಾರ್ಯವಾಗಿತ್ತು. ಎರಡು ಶತಮಾನ ಕಳೆದ ಮೇಲೆ ಅದೇ ಪ್ರಶ್ನೆ ಜಗತ್ತಿನ ಹಂದಿ ಸಾಕಣೆದಾರರ ಮುಂದೆ ಬಂದು ನಿಂತಿದೆ. ಹಾಗಾಗಿ ಈ ಬರಹ ಅಜ್ಜಂಪುರದಿಂದ ಹೊರಟು ಹಂದಿಗೂಡಿನವರೆಗೆ ಹೋಗಿ ಮತ್ತೆ ಅಜ್ಜಂಪುರಕ್ಕೇ ಬರುತ್ತದೆ.

ಹೆಸರುಗಳಿಂದಲೇ ನೋಡೋಣ. ವಿಜಯನಗರದ ಪ್ರತಿನಿಧಿ ಶ್ರೀರಂಗಪಟ್ಟಣದಲ್ಲಿದ್ದ ಕಾಲದಲ್ಲಿ ಅಲ್ಲಿದ್ದ ಹಳ್ಳಿಕಾರ್ ದನಗಳ ಹಿಂಡಿಗೆ 'ಕರುಹಟ್ಟಿ' ಎಂಬ ಹೆಸರಿತ್ತೆಂದು ತಳಿಯ ಇತಿಹಾಸ ಬರೆದವರು ಹೇಳುತ್ತಾರೆ. ಆ ಹಿಂಡು ಮೈಸೂರು ಒಡೆಯರ ಕೈಗೆ ಬಂತು. ಚಿಕ್ಕದೇವರಾಜ ಒಡೆಯರು (1672–1704) ಅದನ್ನು ಬೆಳೆಸಿ, ರಾಜ್ಯದ ನಾನಾ ಕಡೆ ಕಾವಲುಗಳನ್ನು ಗೊತ್ತುಮಾಡಿ, 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನು ಕಟ್ಟಿದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರನ ಕಾಲಕ್ಕೆ ಹಿಂಡು ದಂಡಿನ ಸೊತ್ತಾಯಿತು. ಟಿಪ್ಪು ಅದಕ್ಕೆ 'ಅಮೃತಮಹಲ್' ಎಂದು ಹೆಸರಿಟ್ಟ. ಕರುಹಟ್ಟಿ, ಬೆಣ್ಣೆ ಚಾವಡಿ, ಅಮೃತಮಹಲ್. ಹೆಸರಿನಲ್ಲಿ ಕರುವಿನಿಂದ ಬೆಣ್ಣೆಗೆ, ಬೆಣ್ಣೆಯಿಂದ ಅಮೃತಕ್ಕೆ ಏರಿದಂತೆ ಕಾಣುತ್ತದೆ. ಕೆಲಸದಲ್ಲಿ ನಡೆದದ್ದು ತಿರುವುಮುರುವು. ಹಿಂಡು ಯುದ್ಧಕ್ಕೆ ಹೊರಳಿದ ಮೇಲೆ ಬೆಣ್ಣೆ ಹಿಂದೆ ಸರಿದು ಕರು ಮುಂದೆ ಬಂತು. ಅಮೃತಮಹಲ್ ಹಸು ಹಾಲಿಗೆ ಹೆಸರಾದದ್ದಲ್ಲ. ಬಯಲಲ್ಲೇ ಹುಟ್ಟಿ ಬೆಳೆದು, ಹೊಸಬರನ್ನು ಕಂಡರೆ ಕೊಂಬು ಬೀಸುವ ಅರೆಗಾಡು ಸ್ವಭಾವ ಅದರದು. ಅದು ಕೊಡುವ ಹಾಲು ಕರುವಿಗೇ ಸರಿ.

ಇದೊಂದು ಸಣ್ಣ ಸಂಗತಿಯಂತೆ ಕಾಣಬಹುದು. ಎಳೆಯ ಪ್ರಾಣಿಯ ಆರೋಗ್ಯದ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. ಮನುಷ್ಯರ ಮಗುವಿಗೆ ಹುಟ್ಟುವ ಮೊದಲೇ ತಾಯಿಯ ರಕ್ತದಿಂದ ರೋಗನಿರೋಧಕಗಳು ದಾಟುತ್ತವೆ. ಕರುವಿಗೂ ಹಂದಿಮರಿಗೂ ಆ ಭಾಗ್ಯವಿಲ್ಲ. ಅವು ಬರಿಗೈಯಲ್ಲಿ ಭೂಮಿಗೆ ಬೀಳುತ್ತವೆ. ಅವಕ್ಕೆ ತಾಯಿಯ ರಕ್ಷಣೆ ಸಿಗುವುದು ಗಿಣ್ಣು ಹಾಲಿನಲ್ಲಿ. ಅದೂ ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ. ಒಂದು ದಿನ ಕಳೆಯಿತೆಂದರೆ ಆ ದೊಡ್ಡ ಕಣಗಳನ್ನು ಕರುಳು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಬಾಗಿಲು ಮುಚ್ಚಿದಂತೆ. ನಮ್ಮ ಮನೆಗಳಲ್ಲಿ ಹಸು ಕರು ಹಾಕಿದ ಮಾರನೆಯ ದಿನ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಬೇಯಿಸಿ ನೆರೆಮನೆಗೆ ಹಂಚುವ ರೂಢಿಯಿದೆ. ಕರು ಹೊಟ್ಟೆತುಂಬ ಕುಡಿದ ಮೇಲೆ ಮಿಕ್ಕಿದ್ದು ನಮಗೆ ಎಂಬುದು ಬಲ್ಲ ಹೆಂಗಸರ ಲೆಕ್ಕ. ಗಿಣ್ಣು ಅಂಗಡಿಯ ಸರಕಾದ ಮೇಲೆ ಈ ಲೆಕ್ಕ ತಪ್ಪುತ್ತಿದೆ. ಅದರ ಬೆಲೆಯನ್ನು ಮೊದಲು ತೆರುವುದು ಬೇದಿ ಹತ್ತಿದ ಕರು.

ಎರಡನೆಯ ಸಂಗತಿ ಕಾವಲುಗಳ ವಿಂಗಡಣೆ. ಅಮೃತಮಹಲ್ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ಬೇರೆ ಮಾಡಿದ್ದರು. ಬೇಸಿಗೆ ಕಾವಲು ಎಂದರೆ ಹೆಚ್ಚಾಗಿ ಕೆರೆಯಂಗಳ: ನೀರು ಇಳಿದ ಮೇಲೂ ತೇವವಿದ್ದು ಹಸಿರು ಗರಿಕೆ ಚಿಗುರುವ, ಸುತ್ತ ಮರದ ನೆರಳಿರುವ ಜಾಗ. ಅಂಥವು ಕಡಿಮೆ, ಹಾಗಾಗಿ ಬಲು ಬೆಲೆಯವು. ಮಳೆ ಚಳಿಗಾಲದ ಕಾವಲುಗಳಲ್ಲಿ ಆ ಕಾಲಕ್ಕೆ ಹುಲ್ಲು ನೀರು ಯಥೇಚ್ಛ, ಬಿಸಿಲು ಬಂತೆಂದರೆ ಎಲ್ಲ ಒಣಗುತ್ತದೆ. ಹಿಂಡು ಋತುವಿನಂತೆ ಕಾವಲಿನಿಂದ ಕಾವಲಿಗೆ ನಡೆಯುತ್ತಿತ್ತು. ಕಡೂರು ಸೀಮೆಯಲ್ಲಿ ಮಲೆನಾಡಿನ ಮಳೆ ಮುಗಿದು ಬಯಲುಸೀಮೆಯ ಒಣಹವೆ ಆರಂಭವಾಗುತ್ತದೆ, ಕೆರೆಗಳಿಗೂ ಕೊರತೆಯಿಲ್ಲ. ಜನಪದ ಹಾಡಿನಲ್ಲಿ ಹೆಸರಾದ ಮದಗದ ಕೆರೆ ಇದೇ ಕಡೂರು ತಾಲ್ಲೂಕಿನದು. ಅದರ ಕಡೆಯ ಒಂದು ಊರಿನ ಹೆಸರು ಎಮ್ಮೆದೊಡ್ಡಿ. ಮೂರು ಋತುವಿನ ಮೇವು ಹತ್ತಿರ ಹತ್ತಿರದಲ್ಲೇ ಸಿಗುವ ಜಾಗ ಇದು. 1947ರವರೆಗೂ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಎಂಬ ಹೆಸರಿದ್ದುದನ್ನು ಇಲ್ಲಿ ನೆನೆಯಬಹುದು.

ಹೀಗೆ ಹಿಂಡು ಸರಿದಾಗ ಹಿಂದೆ ಬಿಟ್ಟ ನೆಲ ತಿಂಗಳುಗಟ್ಟಲೆ ಬಿಸಿಲಿಗೆ ಒಣಗುತ್ತಿತ್ತು. ಸಗಣಿಯಲ್ಲಿ ಹೊರಬಿದ್ದ ಜಂತಿನ ಮರಿಗಳು ಆ ಒಣಬಿಸಿಲಿಗೆ ಸಾಯುತ್ತವೆ ಎಂದು ಇಂದಿನ ಪಶುವೈದ್ಯ ಹೇಳುತ್ತದೆ. ಒಂದೇ ಕೊಟ್ಟಿಗೆಯಲ್ಲಿ ನೂರು ಕರು ಕಟ್ಟಿದಾಗ ಬೇದಿಯ ರೋಗಾಣು ಒಂದರಿಂದ ಒಂದಕ್ಕೆ ದಾಟುವಂತೆ ಬಯಲಿನಲ್ಲಿ ದಾಟುವುದಿಲ್ಲ. ಅಂದಿನ ದನಗಾಹಿಗೆ ರೋಗಾಣುವಿನ ಹೆಸರು ಗೊತ್ತಿರಲಿಲ್ಲ. ಹುಲ್ಲು ಮುಗಿದ ನೆಲದಲ್ಲಿ ನಿಂತ ಕರು ಸೊರಗುತ್ತದೆ ಎಂಬುದು ಗೊತ್ತಿತ್ತು.

ವ್ಯವಸ್ಥೆ ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೂ ದಾಖಲೆಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡಿನ ಉಸ್ತುವಾರಿ ಮೈಸೂರು ಸರ್ಕಾರಕ್ಕೆ ಬಂತು, ಹಿಂಡು ಕ್ಷೀಣಿಸಿತು. 1813ರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬಾತ ಅದನ್ನು ವಹಿಸಿಕೊಂಡ. ಹತ್ತು ವರ್ಷದಲ್ಲಿ ಸಂಖ್ಯೆ ಎರಡು ಪಟ್ಟಾಯಿತು. 1860ರಲ್ಲಿ ಖರ್ಚು ಉಳಿಸುವ ನೆಪದಲ್ಲಿ ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಇಡೀ ಹಿಂಡನ್ನು ಮಾರಿಸಿದ. ಕೆಲವು ಈಜಿಪ್ಟಿನ ದೊರೆಯ ಪಾಲಾದವು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಎತ್ತು ಸಾಲದಾಗಿ ತಪ್ಪಿನ ಅರಿವಾಯಿತು. 1860ರ ದಶಕ ಮುಗಿಯುವುದರೊಳಗೆ ಅಳಿದುಳಿದ ದನಗಳನ್ನು ಹುಡುಕಿ ತಂದು ಮತ್ತೆ ಹಿಂಡು ಕಟ್ಟಿದರು. 1882ರಲ್ಲಿ ಮೈಸೂರು ಸರ್ಕಾರ ಅದನ್ನು ಕೊಂಡಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಚರಿತ್ರೆಯಲ್ಲ, ಹಳೆಯ ಕಾಲದ ಹೊಗಳಿಕೆ. ಹುಲ್ಲು, ಹಾಲು, ಬಯಲು ಇವು ತಡೆಯಲಾರದ ರೋಗಗಳಿದ್ದವು. ದೊಡ್ಡರೋಗ ಬಂತೆಂದರೆ ಕಾವಲೂ ಒಂದೇ, ಕೊಟ್ಟಿಗೆಯೂ ಒಂದೇ. ಊರಾಚೆ ಮಾರಿಯನ್ನು ಸಾಗಿಸುವುದರ ಹೊರತು ಜನರಿಗೆ ಬೇರೆ ದಾರಿ ಇರಲಿಲ್ಲ. 1871ರಲ್ಲಿ ಸರ್ಕಾರ ಈ ಪಿಡುಗಿನ ಬಗ್ಗೆ ಆಯೋಗದ ವರದಿಯನ್ನೇ ತರಬೇಕಾಯಿತು. 1925ರಲ್ಲಿ ಹೆಬ್ಬಾಳದಲ್ಲಿ ಶುರುವಾದ ಮೈಸೂರು ಸೀರಂ ಸಂಸ್ಥೆಯ ಮೊದಲ ಉದ್ದೇಶವೇ ದೊಡ್ಡರೋಗಕ್ಕೆ ತಡೆ ಹಾಕುವುದು. 1954ರಲ್ಲಿ ದೇಶವ್ಯಾಪಿ ನಿರ್ಮೂಲನಾ ಕಾರ್ಯಕ್ರಮ ಆರಂಭವಾಯಿತು. 2011ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ಇದನ್ನು ಗೆದ್ದದ್ದು ಮೇವಲ್ಲ, ಲಸಿಕೆ. ಯಾವ ರೋಗಕ್ಕೆ ಮೇವು ಮದ್ದು, ಯಾವುದಕ್ಕೆ ಅಲ್ಲ ಎಂಬ ವಿವೇಕ ಈ ಚರಿತ್ರೆಯ ಮೊದಲ ಪಾಠ.

ಈಗ ಹಂದಿಯ ಕಡೆ ಬರೋಣ. ದನಕ್ಕೆ ಅರಮನೆಯ ಇಲಾಖೆ ಇತ್ತು, ದಫ್ತರಿತ್ತು, ಹೊಗಳುವ ಸೇನಾಪತಿಗಳಿದ್ದರು. ಹಂದಿಗೆ ಇದ್ಯಾವುದೂ ಇರಲಿಲ್ಲ. ನಮ್ಮಲ್ಲಿ ಹಂದಿಯನ್ನು ಸಾಕಿದವರು ಹಂದಿಜೋಗಿಗಳು, ಕೊರಚರು, ಕೊರಮರಂಥ ಅಲೆಮಾರಿ ಮತ್ತು ಬಡ ಸಮುದಾಯಗಳು. ಅವರ ತಿಳಿವಳಿಕೆ ಕಡತಕ್ಕೆ ಏರಲಿಲ್ಲ. ಅವರ ಹಂದಿ ಊರಾಚೆ ನೆಲ ಕೆದರಿ ಬದುಕುತ್ತಿತ್ತು. ಕೊಳಕು ಎಂದು ಮೂಗು ಮುಚ್ಚಿಕೊಳ್ಳುವ ಮೊದಲು ಒಂದು ವಿಷಯ ತಿಳಿಯಬೇಕು. ಹಂದಿಮರಿ ಹುಟ್ಟುವಾಗ ಮೈಯಲ್ಲಿರುವ ಕಬ್ಬಿಣದ ಅಂಶ ಬಲು ಕಡಿಮೆ, ಸುಮಾರು 50 ಮಿಲಿಗ್ರಾಂ. ದಿನಕ್ಕೆ 7ರಿಂದ 10 ಮಿಲಿಗ್ರಾಂ ಬೇಕು. ತಾಯಿಹಾಲಿನಿಂದ ಸಿಗುವುದು ಒಂದು ಮಿಲಿಗ್ರಾಂ ಆಸುಪಾಸು. ಮಿಕ್ಕಿದ್ದನ್ನು ಮರಿ ಮಣ್ಣಿನಿಂದ ತೆಗೆದುಕೊಳ್ಳುತ್ತಿತ್ತು. ಸಿಮೆಂಟು ನೆಲದ ಮೇಲೆ ಸಾಕಲು ಶುರುಮಾಡಿದಾಗ ಮರಿಗಳು ಬಿಳಿಚಿಕೊಂಡು ಸಾಯತೊಡಗಿದವು. ಇಂದು ಸಾಕಣೆಯ ಪ್ರತಿ ಮರಿಗೂ ಮೊದಲ ವಾರದಲ್ಲೇ ಕಬ್ಬಿಣದ ಚುಚ್ಚುಮದ್ದು ಕೊಡುವುದು ಕಿತ್ತುಕೊಂಡ ಮಣ್ಣಿಗೆ ಬದಲಾಗಿ.

ಕಿತ್ತುಕೊಂಡ ಇನ್ನೊಂದು ವಸ್ತು ಸಮಯ. ತನ್ನಷ್ಟಕ್ಕೆ ಬಿಟ್ಟರೆ ಹಂದಿಮರಿ ಮೂರು ನಾಲ್ಕು ತಿಂಗಳವರೆಗೆ ತಾಯಿಯ ಹಾಲನ್ನು ನಿಧಾನವಾಗಿ ಬಿಡುತ್ತ, ಬೇರೆ ಆಹಾರಕ್ಕೆ ನಿಧಾನವಾಗಿ ಒಗ್ಗುತ್ತದೆ. ಆಧುನಿಕ ಸಾಕಣೆಯಲ್ಲಿ ಮೂರು ನಾಲ್ಕು ವಾರಕ್ಕೆ ಒಂದೇ ದಿನ ಹಾಲು ಬಿಡಿಸುತ್ತಾರೆ. ತಾಯಿ ಬೇಗ ಮತ್ತೆ ಗಬ್ಬವಾಗಲಿ ಎಂಬ ಲೆಕ್ಕ. ಅದೇ ದಿನ ಮರಿ ತಾಯಿಯನ್ನು ಕಳೆದುಕೊಂಡು, ಅಪರಿಚಿತ ಮರಿಗಳ ಜೊತೆ ಸೇರಿ, ಹಿಂದೆಂದೂ ಅರಗಿಸದ ಜೋಳ ಸೋಯಾ ತಿನ್ನಬೇಕು. ಅದರ ಹೊಟ್ಟೆಗೆ ಸಾಕಷ್ಟು ಆಮ್ಲ ಒಸರುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಲ್ಲಿಯವರೆಗೆ ಹಾಲಿನ ಸಕ್ಕರೆಯನ್ನು ಹುಳಿಸುವ ಒಳ್ಳೆಯ ಸೂಕ್ಷ್ಮಜೀವಿಗಳೇ ಆ ಕೊರತೆ ತುಂಬುತ್ತಿದ್ದವು. ಹಾಲು ನಿಂತಿತು, ಹುಳಿಯೂ ಹೋಯಿತು. ಅರಗದ ಪ್ರೋಟೀನು ದೊಡ್ಡ ಕರುಳಿಗೆ ಇಳಿದು ಕೊಳೆಯುತ್ತದೆ. ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಕೆಟ್ಟ ತಳಿಗಳಿಗೆ ಇದಕ್ಕಿಂತ ಒಳ್ಳೆಯ ಹಬ್ಬ ಬೇರಿಲ್ಲ. ವಾರದೊಳಗೆ ನೀರುಬೇದಿ.

ಈ ಬೇದಿಗೆ ಇಪ್ಪತ್ತನೆಯ ಶತಮಾನ ಕಂಡುಕೊಂಡ ಉತ್ತರ ಆ್ಯಂಟಿಬಯಾಟಿಕ್. ಅದು ಬಂದದ್ದು ಬೇರೆ ಬಾಗಿಲಿನಿಂದ. ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನಾ ನಿರ್ದೇಶಕರಾಗಿದ್ದ ಕಾಲದಲ್ಲಿ, ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೋಮೈಸಿನ್ ಎಂಬ ಔಷಧವನ್ನು ತೆಗೆದರು. ಅದು ಪ್ರಕಟವಾದದ್ದು 1948ರಲ್ಲಿ. ಸುಬ್ಬರಾವ್ ತೀರಿಕೊಂಡದ್ದೂ ಅದೇ ವರ್ಷ. ಔಷಧ ತೆಗೆದ ಮೇಲೆ ಉಳಿದ ಗಸಿಯಲ್ಲಿ ಬಿ12 ಜೀವಸತ್ವವಿದೆಯೆಂದು ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಅದನ್ನು ಕೋಳಿಮರಿಗಳಿಗೆ ತಿನ್ನಿಸಿ ನೋಡಿದರು. ಜೀವಸತ್ವದ ಲೆಕ್ಕವನ್ನು ಮೀರಿ ಮರಿಗಳು ಬೆಳೆದವು. ಗಸಿಯಲ್ಲಿ ಉಳಿದಿದ್ದ ಔಷಧದ ಚೂರೇ ಕಾರಣ ಎಂದು ಗೊತ್ತಾಗಿ 1950ರಲ್ಲಿ ಸುದ್ದಿ ಹೊರಬಿತ್ತು. ಹಂದಿಮರಿಗಳಲ್ಲಿ ಬೇದಿ ನಿಂತು ತೂಕವೂ ಏರಿತು. ಅಗ್ಗದ ಗಸಿ, ಹೆಚ್ಚಿನ ಮಾಂಸ. ಚಿಟಿಕೆ ಔಷಧ ಮೇವಿನ ಮೂಟೆಯ ಭಾಗವೇ ಆಗಿಹೋಯಿತು.

ಚಿಟಿಕೆ ಪ್ರಮಾಣವೇ ಅಪಾಯದ ಮೂಲ. ರೋಗಾಣುವನ್ನು ಪೂರ್ತಿ ಕೊಲ್ಲದ, ದಿನವೂ ಕಾಡುವ ಔಷಧ ಅದಕ್ಕೆ ಗರಡಿಮನೆಯಿದ್ದಂತೆ. ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ ಎಚ್ಚರಿಸಿತು: ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಗಳನ್ನು ಪ್ರಾಣಿಗಳ ಬೆಳವಣಿಗೆಗೆ ಬಳಸಬೇಡಿ. 1986ರಲ್ಲಿ ಸ್ವೀಡನ್ ಬೆಳವಣಿಗೆಗೆಂದು ಔಷಧ ಬೆರೆಸುವುದನ್ನು ನಿಷೇಧಿಸಿದ ಮೊದಲ ದೇಶವಾಯಿತು. ಅಲ್ಲಿ ನಡೆದದ್ದು ಗಮನಿಸುವಂಥದ್ದು. ನಿಷೇಧವಾದ ಕೂಡಲೇ ಹಾಲು ಬಿಟ್ಟ ಮರಿಗಳಲ್ಲಿ ಬೇದಿ ಹೆಚ್ಚಿತು. ಚಿಕಿತ್ಸೆಯ ಹೆಸರಿನಲ್ಲಿ ಔಷಧ ಬಳಕೆಯೂ ಕೆಲಕಾಲ ಏರಿತು. ಆಮೇಲೆ ರೈತರು ಹಾಲು ಬಿಡಿಸುವ ವಯಸ್ಸನ್ನು ಮುಂದೂಡಿದರು, ಗೂಡಿನ ಜಾಗ ಹೆಚ್ಚಿಸಿದರು, ಮರಿಯ ಮೇವಿನ ಪ್ರೋಟೀನು ಇಳಿಸಿದರು. ಬೇದಿ ತಗ್ಗಿತು. ಡೆನ್ಮಾರ್ಕ್ 1998–99ರಲ್ಲಿ ಅದೇ ದಾರಿ ಹಿಡಿಯಿತು. 2006ರ ಜನವರಿ 1ರಿಂದ ಇಡೀ ಐರೋಪ್ಯ ಒಕ್ಕೂಟದಲ್ಲಿ ನಿಷೇಧ ಬಂತು. ಔಷಧದ ಜಾಗಕ್ಕೆ ಬಂದಿದ್ದ ಜಿಂಕ್ ಆಕ್ಸೈಡ್ ಕೂಡ ಸಗಣಿಗೊಬ್ಬರದ ಮೂಲಕ ಮಣ್ಣಿಗೆ ಸೇರುತ್ತದೆಂದು 2022ರ ಜೂನ್‌ನಲ್ಲಿ ಅದರ ಔಷಧೀಯ ಬಳಕೆ ಅಲ್ಲಿ ನಿಂತಿತು.

ನಮಗೂ ಇದಕ್ಕೂ ಏನು ಸಂಬಂಧ ಎನ್ನುವಂತಿಲ್ಲ. ಆಸ್ಪತ್ರೆಯಲ್ಲಿ ಬೇರೆ ಯಾವ ಔಷಧವೂ ನಾಟದಾಗ ವೈದ್ಯರು ಕೈಹಾಕುವ ಕೊನೆಯ ಔಷಧಗಳಲ್ಲಿ ಕೋಲಿಸ್ಟಿನ್ ಒಂದು. ಅದನ್ನು ಸೋಲಿಸುವ, ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟಬಲ್ಲ ಜೀನ್ ಒಂದು ಚೀನಾದ ಹಂದಿಗಳಲ್ಲೂ ಮಾಂಸದಲ್ಲೂ ರೋಗಿಗಳಲ್ಲೂ ಸಿಕ್ಕಿದೆ ಎಂಬ ವರದಿ 2015ರ ಕೊನೆಯಲ್ಲಿ ಬಂತು. ಭಾರತ ಆಹಾರಕ್ಕೆ ಸಾಕುವ ಪ್ರಾಣಿಗಳಲ್ಲಿ ಕೋಲಿಸ್ಟಿನ್ ಬಳಕೆಯನ್ನು 2019ರ ಜುಲೈನಲ್ಲಿ ನಿಷೇಧಿಸಿತು. ಅದೇ 2015ರ ಒಂದು ಜಾಗತಿಕ ಅಂದಾಜಿನ ಪ್ರಕಾರ ಒಂದು ಕಿಲೋ ದನಕ್ಕೆ ವರ್ಷಕ್ಕೆ 45 ಮಿಲಿಗ್ರಾಂ, ಕೋಳಿಗೆ 148, ಹಂದಿಗೆ 172 ಮಿಲಿಗ್ರಾಂ ಆ್ಯಂಟಿಬಯಾಟಿಕ್ ಸುರಿಯಲಾಗುತ್ತಿತ್ತು. ಪ್ರಾಣಿಯನ್ನು ಬಯಲಿನಿಂದ ಎಷ್ಟು ದೂರ ಒಯ್ದೆವೋ ಔಷಧವೂ ಅಷ್ಟು ಹೆಚ್ಚಿತು ಎಂದು ಈ ಮೂರು ಅಂಕಿಗಳು ಸೂಚಿಸುವಂತಿವೆ.

ಔಷಧ ಬಿಟ್ಟರೆ ಮೇವಿನಲ್ಲಿ ಏನಿದೆ? ಒಂದು ಗುಳಿಗೆಯಂತೆ ಒಂದೇ ಉತ್ತರವಿಲ್ಲ. ಹಲವು ಸಣ್ಣ ಉತ್ತರಗಳಿವೆ. ಮರಿಯ ಮೇವಿನ ಪ್ರೋಟೀನನ್ನು ಶೇಕಡಾ 21–23ರಿಂದ 17–18ಕ್ಕೆ ಇಳಿಸಿ, ಕೊರತೆಯಾಗುವ ಲೈಸಿನ್, ಥ್ರಿಯೊನಿನ್‌ನಂಥ ಅಮೈನೊ ಆಮ್ಲಗಳನ್ನು ಬಿಡಿಯಾಗಿ ಸೇರಿಸುವುದು. ಆಗ ಕರುಳಲ್ಲಿ ಕೊಳೆಯುವುದಕ್ಕೆ ಮಿಗುವುದು ಕಡಿಮೆ. ಫಾರ್ಮಿಕ್, ಸಿಟ್ರಿಕ್, ಲ್ಯಾಕ್ಟಿಕ್ ಆಮ್ಲಗಳಿಂದ ಹೊಟ್ಟೆಗೆ ಬೇಕಾದ ಹುಳಿಯನ್ನು ಹೊರಗಿನಿಂದ ಒದಗಿಸುವುದು. ಸ್ವಲ್ಪ ನಾರು, ತರಿತರಿಯಾದ ಹಿಟ್ಟು. ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಈಸ್ಟನ್ನೂ ಬೆರೆಸುವುದು. ತಾಯಿಯ ಬಳಿ ಇರುವಾಗಲೇ ಮರಿಗೆ ಹೊಸ ಮೇವನ್ನು ರುಚಿ ತೋರಿಸುವುದು. ಇವುಗಳಲ್ಲಿ ಹಳೆಯದು ಮೇವನ್ನು ನೀರಲ್ಲಿ ಕಲಸಿ ಹುಳಿಬರಿಸಿ ಕೊಡುವುದು. ಯುರೋಪಿನಲ್ಲಿ ಇದಕ್ಕೆ ಯಂತ್ರ, ಕೊಳವೆ, ತೊಟ್ಟಿಗಳಿವೆ. ನಮ್ಮ ಹಿತ್ತಲಿನಲ್ಲಿ ಇದಕ್ಕೆ ಕಲಗಚ್ಚು ಎಂದು ಹೆಸರು.

ಅಕ್ಕಿ ತೊಳೆದ ನೀರು, ಗಂಜಿ, ತೌಡು, ಹುರುಳಿ ಬಸಿದ ನೀರು ಒಂದು ಬಾನಿಯಲ್ಲಿ ಬಿದ್ದು ಬೆಳಗಾಗುವುದರೊಳಗೆ ಹುಳಿಯುತ್ತವೆ. ಆ ಹುಳಿ ಲ್ಯಾಕ್ಟಿಕ್ ಆಮ್ಲದ್ದು. ದೋಸೆಹಿಟ್ಟನ್ನೂ ಮೊಸರನ್ನೂ ಕಾಯುವ ಬಳಗವೇ ಅದನ್ನೂ ಕಾಯುತ್ತದೆ. ಹುಳಿ ಸಾಕಷ್ಟು ಏರಿದ ಮೇವಿನಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಆದರೆ ಇಲ್ಲೂ ಎಚ್ಚರ ಬೇಕು. ಹೋಟೆಲಿನ ಮುಸುರೆಯನ್ನು ಕುದಿಸದೆ ಹಂದಿಗೆ ಹಾಕಿದರೆ ಅದರಲ್ಲಿನ ಮಾಂಸದ ಚೂರಿನಿಂದ ಆಫ್ರಿಕನ್ ಹಂದಿಜ್ವರ ಬರಬಹುದು. 2020ರಲ್ಲಿ ಭಾರತಕ್ಕೆ ಬಂದ ಆ ವೈರಸ್ಸಿಗೆ ಔಷಧವೂ ಇಲ್ಲ, ಹುಳಿಯೂ ಸಾಲದು. ಕುದಿಸುವುದು, ದೂರವಿಡುವುದು ಎರಡೇ ದಾರಿ. ದೊಡ್ಡರೋಗ ಕಲಿಸಿದ ಪಾಠವೇ ಇದು.

ಸ್ವೀಡನ್ನಿನ ರೈತ ಕಂಡುಕೊಂಡದ್ದನ್ನೂ ಕರುಹಟ್ಟಿಯ ದನಗಾಹಿ ಮಾಡುತ್ತಿದ್ದುದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೇವಿನ ಪುಡಿಗಿಂತ ದೊಡ್ಡದೊಂದು ಕಾಣುತ್ತದೆ. ಎಳೆಯದಕ್ಕೆ ತಾಯಿಹಾಲು ಇನ್ನೊಂದು ವಾರ ಹೆಚ್ಚು, ಜಾಗ ಇನ್ನೊಂದು ಮಾರು ಹೆಚ್ಚು, ಮೇವು ಬದಲಾಗುವುದು ಇನ್ನಷ್ಟು ನಿಧಾನ. ಮೂರಕ್ಕೂ ಖರ್ಚಿದೆ. ಆ್ಯಂಟಿಬಯಾಟಿಕ್ ಮಾಡಿದ್ದು ಆ ಖರ್ಚನ್ನು ಉಳಿಸಿದ್ದು. ಉಳಿದಂತೆ ಕಂಡ ಹಣವನ್ನು ಎಲ್ಲೋ ಒಂದು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದವರು ತೀರಿಸುತ್ತಿದ್ದಾರೆ.

ಕಾವಲುಗಳ ಲೆಕ್ಕವೂ ಹೀಗೆಯೇ. ಲಕ್ಷಾಂತರ ಎಕರೆಯಿದ್ದವು ಕರಗಿವೆ. 1940ರ ದಶಕದಲ್ಲಿ 'ಹೆಚ್ಚು ಆಹಾರ ಬೆಳೆಯಿರಿ' ಎಂಬ ಘೋಷಣೆಗೆ ಕೆಲವು ಸಾಗುವಳಿಯಾದವು, ಭೂಮಿಯಿಲ್ಲದವರಿಗೆ ಕೆಲವು ಹೋದವು, ಅದು ಅನ್ಯಾಯವೆಂದು ಹೇಳಲಾರೆ, ಒತ್ತುವರಿಗೆ ಕೆಲವು. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಸೇರಿ, ಕುರಿ ದನ ಮೇಯಿಸುವವರ ತಕರಾರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಅಲ್ಲಿ ಕೃಷ್ಣಮೃಗಗಳು ಉಳಿದಿರುವುದು ಆ ಹುಲ್ಲನ್ನು ದನಕ್ಕೆಂದು ಯಾರೋ ಕಾದಿಟ್ಟಿದ್ದರಿಂದ.

ಖಾಲಿ ಬಿದ್ದ ಜಾಗ ಎಂದು ನಾವು ಕರೆಯುವ ಕಾವಲು ನಿಜಕ್ಕೂ ಖಾಲಿಯಲ್ಲ. ಬೇಸಿಗೆಗೆಂದು ಎತ್ತಿಟ್ಟ ಮೇವು ಅದು. ಹುಟ್ಟಿದ ಕೂಡಲೇ ಎದ್ದು ನಿಲ್ಲಲು ತಡವರಿಸುವ ಕರುವಿಗೆ ತಾಯಿಯ ಕೆಚ್ಚಲಲ್ಲಿ ಹಾಲು ಇರಬೇಕಾದರೆ ಆ ಹುಲ್ಲು ಅಲ್ಲಿ ಇರಬೇಕು. ಅಜ್ಜಂಪುರದ ಹಿಂಡಿನಲ್ಲಿ ಇಂದಿಗೂ ಮೊದಲ ಪಾಲು ಕರುವಿನದೇ.